ಇಪ್ಪತ್ತೊಂಬತ್ತು ಅಂಕಗಳ ಮನುಷ್ಯಸಂಖ್ಯೆ: ಪಾಠವಿಮರ್ಶೆ

ಕ್ರಿ.ಶ. 10ನೆಯ ಶತಮಾನದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರದ ಜೀವಕಾಂಡವು ಪರ್ಯಾಪ್ತ ಮನುಷ್ಯರ ಪ್ರಮಾಣವನ್ನು ದ್ವಿರೂಪವರ್ಗಧಾರೆಯ ಐದನೆಯ ವರ್ಗದ ಘನವೆಂದು ನಿರೂಪಿಸುತ್ತದೆ. ಎರಡರ ವರ್ಗ 4. ಅದರ ವರ್ಗ 16. ಮುಂದೆ 256, ಬಳಿಕ ಪಣ್ಣಟ್ಠಿ ಎನಿಸಿದ 65536. ಐದನೆಯದು ಬಾದಾಲ, ಅಂದರೆ 4294967296. ಬಾದಾಲವನ್ನು ಘನಿಸಿದರೂ, ಆರನೆಯ ವರ್ಗವಾದ ಏಕಟ್ಠಿಯಿಂದ ಗುಣಿಸಿದರೂ ಫಲವೊಂದೇ: 79228162514264337593543950336. ಇದರ ಅರ್ಧಚ್ಛೇದಗಳು 96. ತೊಂಬತ್ತಾರು ಬಾರಿ ಅರ್ಧಿಸಿದಾಗ ಒಂದು ಮಾತ್ರ ಉಳಿಯುತ್ತದೆ.

ಈ 29 ಅಂಕಗಳನ್ನು ಗ್ರಂಥವು ಕಟಪಯಾದಿ ಅಕ್ಷರಸಂಜ್ಞೆಯಿಂದ ಒಂದು ಗಾಥೆಯಲ್ಲಿ ಅಡಕಗೊಳಿಸಿದೆ. ಏಕಸ್ಥಾನದಿಂದ ಎಡಕ್ಕೆ ಎಣಿಸುವಾಗ 13ನೆಯ ಅಕ್ಷರವು 'ಸಿಲಾ' ಶಬ್ದದ ಸಿಕಾರ. ಸಕಾರದ ಬೆಲೆ 7. ಸಂಸ್ಕೃತದ ರೂಢಿಯುಳ್ಳ ಲಿಪಿಕಾರನು ಅದನ್ನು 'ಶಿಲಾ' ಎಂದು ತಿದ್ದಿದರೆ ಅರ್ಥ ಕೆಡದು, ಛಂದಸ್ಸೂ ಕೆಡದು. ಆದರೆ ಶಕಾರದ ಬೆಲೆ 5 ಆದುದರಿಂದ ಸಂಖ್ಯೆಯಲ್ಲಿ ಎರಡು ಲಕ್ಷ ಕೋಟಿ ಕುಂದುತ್ತದೆ. ವ್ಯಾಕರಣ ಮತ್ತು ಛಂದಸ್ಸುಗಳು ಮೌನವಾಗುವ ಇಂತಹ ಎಡೆಯಲ್ಲಿ ಗಣಿತವೇ ಪ್ರಮಾಣ.

ಎರಡರ ಆರನೆಯ ಘಾತವಾದ 64ನ್ನು ಒಂಬತ್ತರಿಂದ ಭಾಗಿಸಿದರೆ ಶೇಷ 1. ತೊಂಬತ್ತಾರರಲ್ಲಿ ಹದಿನಾರು ಆರುಗಳಿರುವುದರಿಂದ ಈ ಮಹಾಸಂಖ್ಯೆಯ ಶೇಷವೂ 1 ಆಗತಕ್ಕದ್ದು. ಅಂಕಗಳ ಮೊತ್ತ 127, ಶೇಷ 1. 'ಶಿಲಾ' ಪಾಠದಲ್ಲಿ ಮೊತ್ತ 125, ಶೇಷ 8. ದೋಷವು ಒಡನೆ ಬಯಲಾಗುತ್ತದೆ. ಆದರೆ ಎರಡು ಅಕ್ಷರಗಳು ಸ್ಥಾನಪಲ್ಲಟಗೊಂಡರೆ ಮೊತ್ತ ಬದಲಾಗದು. ಅಲ್ಲಿ ಹನ್ನೊಂದರ ಪರೀಕ್ಷೆ ಬೇಕು. ಏಕಸ್ಥಾನದಿಂದ ವಿಷಮಸ್ಥಾನಗಳ ಮೊತ್ತ 79, ಸಮಸ್ಥಾನಗಳದು 48. ಅಂತರ 31, ಹನ್ನೊಂದರಿಂದ ಭಾಗಿಸಿದರೆ ಶೇಷ 9. ಎರಡರ 96ನೆಯ ಘಾತಕ್ಕೆ ಬರಬೇಕಾದ ಶೇಷವೂ ಅದೇ. ನೆರೆಯ ಎರಡು ಭಿನ್ನ ಅಂಕಗಳು ಪಲ್ಲಟಗೊಂಡರೆ ಈ ಶೇಷ ನಿಲ್ಲದು.

ಪಾಠ ಶುದ್ಧವಾದ ಮಾತ್ರಕ್ಕೆ ಪ್ರಮೇಯವು ನಿರ್ವಿವಾದವಾಗುವುದಿಲ್ಲ. ಷಟ್ಖಂಡಾಗಮದ ದ್ರವ್ಯಪ್ರಮಾಣಾನುಗಮವು ಇಲ್ಲಿ ಎರಡು ಮೇರೆಗಳನ್ನು ವಿಧಿಸುತ್ತದೆ: ಆರನೆಯ ವರ್ಗಕ್ಕೆ ಮೇಲೆ, ಏಳನೆಯದಕ್ಕೆ ಕೆಳಗೆ, ಕೋಡಾಕೋಡಾಕೋಡಿಗೆ ಮೇಲೆ, ಕೋಡಾಕೋಡಾಕೋಡಾಕೋಡಿಗೆ ಕೆಳಗೆ. ಮೊದಲನೆಯ ಮೇರೆಯಲ್ಲಿ ಈ ಸಂಖ್ಯೆ ಅಡಗುತ್ತದೆ, ಎರಡನೆಯದನ್ನು ಮೀರುತ್ತದೆ. ಕೋಟಿಯ ನಾಲ್ಕನೆಯ ಘಾತವು ಒಂದರ ಮುಂದೆ 28 ಸೊನ್ನೆಗಳು. ಅದಕ್ಕೂ ಸ್ಥಾನಗಳು 29. ಆದರೆ ಪ್ರಕೃತ ಸಂಖ್ಯೆ ಅದರ ಸುಮಾರು ಎಂಟು ಮಡಿ. ಈ ಭೇದವನ್ನು ಬಲ್ಲ ವೀರಸೇನಾಚಾರ್ಯರು ಧವಲಾ ಟೀಕೆಯಲ್ಲಿ ಮನುಷ್ಯಕ್ಷೇತ್ರದ ಕ್ಷೇತ್ರಫಲವನ್ನು ಗಣಿಸಿ, ಅಷ್ಟು ಮನುಷ್ಯರಿಗೆ ಅಲ್ಲಿ ಅವಕಾಶವಿಲ್ಲವೆಂದು ಆ ಸಂಖ್ಯೆಯನ್ನು ನಿರಾಕರಿಸಿದರು. ಅವರ ತರುವಾಯದ ಜೀವಕಾಂಡವು ಅದನ್ನೇ ಅಂಗೀಕರಿಸಿತು.

ಸ್ಥಾನಸಾಮ್ಯವನ್ನು ಪರಿಮಾಣಸಾಮ್ಯವೆಂದು ಭಾವಿಸಿ ಈ ಎರಡು ಮತಗಳನ್ನು ಏಕೀಕರಿಸುವುದು ಸಂಪಾದಕಧರ್ಮವಲ್ಲ. ಜೀವಕಾಂಡದ ಪಾಠದಲ್ಲಿ 'ಸಿಲಾ' ಉಳಿಯಬೇಕು. ಧವಲೆಯ ಆಕ್ಷೇಪವು ಅದರ ಪಕ್ಕದಲ್ಲಿಯೇ ನಮೂದಾಗಬೇಕು. ಆಗಮಶ್ರದ್ಧೆಗೆ ಗಣನೆಯು ವಿರೋಧಿಯಲ್ಲವೆಂಬುದಕ್ಕೆ ವೀರಸೇನರ ನಡೆಯೇ ನಿದರ್ಶನ.