ಗುಡಿಸಲು ಕುಟೀರವಾದಾಗ

ಬಡವರ ಮನೆಗೆ ಕನ್ನಡದಲ್ಲಿ ಎರಡು ಹೆಸರಿವೆ: ಗುಡಿಸಲು, ಕುಟೀರ. ಮಳೆ ಬಂದರೆ ಸೋರುವುದು ಗುಡಿಸಲು. ಋಷಿ ಕೂರುವುದು, ಪ್ರವಾಸಿ ತಂಗುವುದು ಕುಟೀರ. ನಮ್ಮ ಜಾನಪದ ಉತ್ಸವಗಳ ರಾಜಕಾರಣವೆಲ್ಲ ಈ ಎರಡು ಪದಗಳ ನಡುವೆ ಅಡಗಿ ಕೂತಿದೆ.

ರಾಮನಗರದ ಬಳಿಯ ಜಾನಪದ ಲೋಕವನ್ನೇ ನೋಡೋಣ. ಎಚ್.ಎಲ್. ನಾಗೇಗೌಡರು ಹಳ್ಳಿಹಳ್ಳಿಗಳಿಂದ ಕೂಡಿಹಾಕಿದ್ದನ್ನು 1994ರಲ್ಲಿ ನಾಡಿನ ಮುಂದಿಟ್ಟರು. ಆ ದುಡಿಮೆ ಹಗುರವಾದದ್ದಲ್ಲ. ಅಲ್ಲಿನ ಲೋಕೋತ್ಸವದ ಬಯಲಲ್ಲಿ ಊರು ದೂರವಿಟ್ಟ ಕಲಾವಿದರಿಗೆ ವೇದಿಕೆ ಸಿಕ್ಕಿದೆ. ಇದೂ ಸಣ್ಣ ಮಾತಲ್ಲ. ಆದರೆ ಅಲ್ಲಿನ ಒಂದು ವಿಭಾಗದ ಹೆಸರು ಚಿತ್ರಕುಟೀರ, ಇನ್ನೊಂದು ಆಯಗಾರರದು. ಆಯ ಎಂದರೇನು? ಊರಿನ ಚಾಕರಿ ಮಾಡಿ, ಸುಗ್ಗಿಯಲ್ಲಿ ಕಣದ ಬದಿ ನಿಂತು ಪಡೆಯುವ ಕಾಳು. ಕಮ್ಮಾರ, ಕುಂಬಾರರ ಜೊತೆ ತೋಟಿ, ತಳವಾರರೂ ಆಯಗಾರರೇ. ತೋಟಿ, ತಳವಾರಿಕೆಯಂಥ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ಮೈಸೂರು ರಾಜ್ಯ 1961ರ ಕಾಯ್ದೆಯಿಂದ ರದ್ದು ಮಾಡಿತು. ಕಾನೂನು ಕಿತ್ತುಹಾಕಿದ್ದನ್ನು ಸಂಸ್ಕೃತಿ ಪರಂಪರೆ ಎಂದು ಕರೆದರೆ, ತೋಟಿಯ ಮೊಮ್ಮಗ ಅದರ ಮುಂದೆ ನಿಂತು ಹೆಮ್ಮೆಪಡಬೇಕೋ, ಲೆಕ್ಕ ಕೇಳಬೇಕೋ?

ಇದೇ ಪ್ರಶ್ನೆಯನ್ನು ನಮ್ಮ ಕೆಂಕೆರೆ, ತಿಪಟೂರು ಕಡೆಯ ಗುಡಿಸಲಿಗೂ ಕೇಳಬೇಕು. ಮೇಲೆ ಹೊದಿಸಿದ್ದು ತೆಂಗಿನ ಗರಿ. ಸೀಳಿ, ನೀರಲ್ಲಿ ನೆನೆಹಾಕಿ ಹೆಣೆಯಬೇಕು. ವರ್ಷ ಎರಡು ವರ್ಷಕ್ಕೆ ಪುಡಿಯಾಗುತ್ತೆ, ಮತ್ತೆ ಹೆಣೀಬೇಕು. ಉತ್ಸವಕ್ಕೆ ಬಂದವರ ಕಣ್ಣಿಗೆ ಆ ಹೆಣಿಗೆ ಚಿತ್ತಾರ. ಕೇರಿಯವರು ಕೇಳೋದೇ ಬೇರೆ: ಗರಿ ಉದುರಿದ ಮರ ಯಾರದು? ಆ ಗರಿ ಮನೆಗೆ ಬರೋಕೆ ತೋಟದ ಯಜಮಾನರ ಹತ್ರ ಎಷ್ಟು ದಿನ ದುಡೀಬೇಕಿತ್ತು? ಕೊಬ್ಬರಿ ತಿಪಟೂರು ಮಾರುಕಟ್ಟೆಗೆ, ಗರಿ ಕೇರಿಗೆ. ನಮ್ಮ ಸೀಮೆಯ ಅರ್ಥಶಾಸ್ತ್ರ ಇಷ್ಟೇ.

ಜಾನಪದ ಲೋಕಕ್ಕೆ ಬಹಳ ದೂರವೇನಲ್ಲ, ಮಾಗಡಿ ತಾಲ್ಲೂಕಿನ ಮಂಚನಬೆಲೆ. ಅಲ್ಲಿ ಹುಟ್ಟಿದ ಸಿದ್ಧಲಿಂಗಯ್ಯ ತಮ್ಮ ಆತ್ಮಕಥೆಗೆ ಇಟ್ಟ ಹೆಸರು ‘ಊರುಕೇರಿ’. ಆ ಹೆಸರಲ್ಲಿ ಊರೂ ಇದೆ, ಕೇರಿಯೂ ಇದೆ, ಎರಡರ ನಡುವಿನ ದೂರವೂ ಇದೆ. ಗುಡಿಸಲನ್ನು ಪ್ರದರ್ಶನದ ಬಯಲಿಗೆ ತಂದಾಗ ಮೊದಲು ಕಳೆದುಹೋಗುವುದು ಈ ದೂರವೇ.

ಗುಡಿಸಲು ತೋರಿಸಬೇಡಿ ಅಂತ ನಾನು ಹೇಳ್ತಿಲ್ಲ. ಅದನ್ನು ಅಳಿಸಿದರೆ ನಮ್ಮ ಅವ್ವಂದಿರ ಕೈಕೆಲಸವೂ ಅಳಿಸಿಹೋಗುತ್ತೆ. ತೋರಿಸುವುದಾದರೆ, ಅಲ್ಲಿಂದ ಊರ ಬಾವಿಗೆ ಎಷ್ಟು ಹೆಜ್ಜೆ, ಸೇದುವ ಹಕ್ಕು ಯಾರಿಗಿತ್ತು, ವರ್ಷದ ಆಯ ಎಷ್ಟು ಸೇರು ಎಂಬುದನ್ನೂ ಬಾಗಿಲಲ್ಲೇ ಬರೆದಿಡಿ. ಬರೆಯುವ ಕೈ ಕೇರಿಯದಾಗಿರಲಿ.