ಪೆಟ್ಟಿಗೆಯ ಮೇಲಿನ ಅಂಕಿ, ತಂತಿಯೊಳಗಿನ ವೇಗ

ಸೆಕೆಂಡಿಗೆ 18,000 ಬಿಟ್ ಸಾಗಿಸಬಲ್ಲ ಮೊಡೆಮ್ ತಂದು ಯುನಿಕ್ಸ್ ಯಂತ್ರಕ್ಕೆ ಜೋಡಿಸಿಯೂ ಕಡತವೊಂದು ಸೆಕೆಂಡಿಗೆ ಇನ್ನೂರು ಅಕ್ಷರಗಳಂತೆ ತೆವಳುತ್ತಿದ್ದರೆ ದೋಷ ಎಲ್ಲಿದೆ? 1980ರ ದಶಕದ ನಡುಭಾಗದಿಂದ ಸುಮಾರು ಹದಿನೈದು ವರ್ಷ, ಯುನಿಕ್ಸ್ ನೋಡಿಕೊಳ್ಳುತ್ತಿದ್ದವರೆಲ್ಲ ಒಂದಲ್ಲ ಒಂದು ರೂಪದಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಿದ್ದಾರೆ. ಒಂದು ಅಕ್ಷರ ಹೊರಟಲ್ಲಿಂದ ತಲುಪುವವರೆಗೆ ಪ್ರೋಗ್ರಾಂ, ಕರ್ನೆಲ್, ಸೀರಿಯಲ್ ಪೋರ್ಟ್, ಕೇಬಲ್, ಮೊಡೆಮ್, ಟೆಲಿಫೋನ್ ತಂತಿ ಎಂದು ಹಲವು ಘಟ್ಟಗಳನ್ನು ದಾಟುತ್ತದೆ. ಆಚೆ ತುದಿಯಲ್ಲಿ ಅದೇ ಸಾಲು ತಿರುಗುಮುರುಗಾಗಿ ಬರುತ್ತದೆ. ಮೊಡೆಮ್ ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿ ಇವುಗಳಲ್ಲಿ ಒಂದೇ ಒಂದು ಘಟ್ಟದ ಅಳತೆ. ಉಳಿದವುಗಳಲ್ಲಿ ಯಾವುದು ಕಾಲು ಹಿಡಿದು ಎಳೆಯುತ್ತಿದೆ ಎಂದು ಪತ್ತೆಹಚ್ಚಿ ಸರಿಪಡಿಸುವುದೇ ಆ ಕಾಲದ ಮೊಡೆಮ್ ಹದಗೊಳಿಸುವ ಕಲೆ. ಅದರ ಬಗ್ಗೆ ನನಗೆ ದೊಡ್ಡ ಗೌರವವಿದೆ. ಆ ಗೌರವದಿಂದಲೇ ಅದು ಎಲ್ಲಿ ಗೆದ್ದಿತು, ಎಲ್ಲಿ ಎಡವಿತು ಎಂದು ನೋಡಬೇಕೆನ್ನಿಸುತ್ತದೆ.

ಕಥೆಯ ಬೇರು ಯುಯುಸಿಪಿಯಲ್ಲಿದೆ. ಬೆಲ್ ಲ್ಯಾಬ್ಸ್‌ನಲ್ಲಿ ಮೈಕ್ ಲೆಸ್ಕ್ ಬರೆದ ಈ ವ್ಯವಸ್ಥೆ 1979ರ ಏಳನೆಯ ಆವೃತ್ತಿಯ ಯುನಿಕ್ಸ್ ಜೊತೆ ಹೊರಬಂತು. ರಾತ್ರಿ ಟ್ರಂಕ್ ದರ ಇಳಿದ ಮೇಲೆ ಒಂದು ಯಂತ್ರ ಇನ್ನೊಂದಕ್ಕೆ ಫೋನ್ ಮಾಡಿ, ಕೂಡಿಟ್ಟ ಇಮೇಲನ್ನೂ ಯೂಸ್‌ನೆಟ್ ಸುದ್ದಿಯನ್ನೂ ಒಪ್ಪಿಸಿ ಬರುತ್ತಿತ್ತು. ತಂತಿಯ ಗದ್ದಲದಲ್ಲಿ ಅಕ್ಷರ ಕೆಡದಂತೆ ಕಾಯಲು ಗ್ರೆಗ್ ಚೆಸನ್ ರೂಪಿಸಿದ ‘ಜಿ’ ಪ್ರೋಟೋಕಾಲ್ ಇತ್ತು. ಕಡತವನ್ನು 64 ಬೈಟ್‌ಗಳ ತುಣುಕು ಮಾಡುವುದು, ಪ್ರತಿ ತುಣುಕಿಗೆ 6 ಬೈಟ್‌ಗಳ ತಲೆಬರಹ ಅಂಟಿಸುವುದು, ಮೂರು ತುಣುಕು ಕಳಿಸಿದ ಮೇಲೆ ಆಚೆಯಿಂದ ‘ತಲುಪಿತು’ ಎಂಬ ಉತ್ತರ ಬರುವವರೆಗೆ ಕಾಯುವುದು: ಸಾಮಾನ್ಯವಾಗಿ ಬಳಕೆಯಲ್ಲಿದ್ದ ಕ್ರಮ ಇದು. ಮೊಡೆಮ್‌ಗಳು 300 ಅಥವಾ 1200 ಬಿಟ್‌ನವಾಗಿದ್ದಾಗ ಇದರಲ್ಲಿ ಯಾವ ನಷ್ಟವೂ ಇರಲಿಲ್ಲ. 1200 ಬಿಟ್‌ನಲ್ಲಿ ಒಂದು ತುಣುಕು ದಾಟಲು ಅರ್ಧ ಸೆಕೆಂಡಿಗೂ ಹೆಚ್ಚು ಬೇಕು. ಎರಡನೆಯದು ಹೋಗುತ್ತಿರುವಾಗಲೇ ಮೊದಲನೆಯದರ ಉತ್ತರ ಬಂದಿರುತ್ತಿತ್ತು.

1985ರಲ್ಲಿ ಟೆಲಿಬಿಟ್ ಕಂಪನಿಯ ಟ್ರೇಲ್‌ಬ್ಲೇಜರ್ ಬಂದು ಈ ಲೆಕ್ಕ ತಲೆಕೆಳಗಾಯಿತು. ಪ್ಯಾಕೆಟ್ ಸ್ವಿಚಿಂಗ್ ಕಲ್ಪನೆಯನ್ನು 60ರ ದಶಕದಲ್ಲೇ ಮುಂದಿಟ್ಟ ಪಾಲ್ ಬ್ಯಾರನ್ ಕಟ್ಟಿದ ಕಂಪನಿ ಅದು. ಈ ಮೊಡೆಮ್ ಟೆಲಿಫೋನ್ ತಂತಿಯ ಸ್ವರವ್ಯಾಪ್ತಿಯನ್ನು 512ರಷ್ಟು ಸಣ್ಣ ಸಣ್ಣ ಸ್ವರಗಳಾಗಿ ಒಡೆಯುತ್ತಿತ್ತು. ಕೆಟ್ಟ ಸ್ವರಗಳನ್ನು ಬಿಟ್ಟು, ಒಳ್ಳೆಯವುಗಳ ಮೇಲೆ ತಡೆಯುವಷ್ಟು ಬಿಟ್ ಹೇರುತ್ತಿತ್ತು. ಪಿಇಪಿ ಎಂದು ಕರೆದ ಈ ವಿಧಾನ ಒಳ್ಳೆಯ ತಂತಿಯಲ್ಲಿ 18,000 ಬಿಟ್ ದಾಟುತ್ತಿತ್ತು. ಕೆಟ್ಟ ತಂತಿಯಲ್ಲಿ ಕರೆ ಕಡಿದುಕೊಳ್ಳದೆ ನಿಧಾನವಾಗುತ್ತಿತ್ತು, ಅಷ್ಟೆ. ಮುಂದೆ ಎಡಿಎಸ್ಎಲ್‌ನಲ್ಲಿ ಮನೆಮನೆಗೆ ಬಂದದ್ದು ಇದೇ ಜಾತಿಯ ಆಲೋಚನೆ. ಆದರೆ ಪಿಇಪಿ ಒಂದು ಹೊತ್ತಿಗೆ ಒಂದೇ ದಿಕ್ಕಿನಲ್ಲಿ ವೇಗವಾಗಿ ಮಾತಾಡಬಲ್ಲದು. ಉತ್ತರ ಬರಬೇಕಾದರೆ ತಂತಿಯ ದಿಕ್ಕು ಬದಲಾಗಬೇಕು, ಅದಕ್ಕೆ ಸಮಯ ಬೇಕು. ಹೋಗಿ ಬರಲು ಒಂದು ಸೆಕೆಂಡ್ ಆಯಿತೆಂದು ಇಟ್ಟುಕೊಳ್ಳಿ. ಮೂರು ತುಣುಕು, ತಲಾ 64 ಬೈಟ್: ಸೆಕೆಂಡಿಗೆ 192 ಬೈಟ್. ತಂತಿ ಎಷ್ಟೇ ಅಗಲವಿದ್ದರೂ ಅದಕ್ಕಿಂತ ಹೆಚ್ಚು ಹರಿಯುವುದಿಲ್ಲ. ಮೊದಲ ಪ್ಯಾರಾದ ಪ್ರಶ್ನೆಯ ಉತ್ತರ ಇಲ್ಲಿದೆ: ಮೊಡೆಮ್ ಸರಿಯಿತ್ತು, ತಂತಿಯೂ ಸರಿಯಿತ್ತು. ಕಾಯುವ ಶಿಸ್ತು ಮಾತ್ರ ಹಳೆಯ ವೇಗಕ್ಕೆ ಹೊಲಿದದ್ದಾಗಿತ್ತು.

ಟೆಲಿಬಿಟ್ ಎಂಜಿನಿಯರ್‌ಗಳು ಕಂಡುಕೊಂಡ ಪರಿಹಾರವನ್ನು ನಾನು ಈ ಇಡೀ ಪರಂಪರೆಯ ಅತ್ಯಂತ ಜಾಣ ಹೆಜ್ಜೆ ಎಂದು ಎಣಿಸುತ್ತೇನೆ. ಅತ್ಯಂತ ಚರ್ಚಾಸ್ಪದ ಹೆಜ್ಜೆಯೂ ಅದೇ. ಮೊಡೆಮ್‌ನ ಹೊಂದಾಣಿಕೆಗಳನ್ನಿಡುವ ಎಸ್ ರಿಜಿಸ್ಟರ್‌ಗಳಲ್ಲಿ ಒಂದಾದ ಎಸ್111ಕ್ಕೆ 30 ಎಂದು ಬರೆದರೆ ಮೊಡೆಮ್ ತಾನೇ ‘ಜಿ’ ಪ್ರೋಟೋಕಾಲ್ ಮಾತಾಡತೊಡಗುತ್ತದೆ. ಯಂತ್ರ ತುಣುಕು ಕೊಟ್ಟ ಕೂಡಲೇ ಪಕ್ಕದಲ್ಲಿರುವ ಮೊಡೆಮ್ಮೇ ‘ತಲುಪಿತು’ ಎಂದುಬಿಡುತ್ತದೆ. ಆಮೇಲೆ ತನ್ನದೇ ದೋಷಪರಿಹಾರದೊಡನೆ ಅದನ್ನು ಆಚೆ ಮೊಡೆಮ್‌ಗೆ ದಾಟಿಸುತ್ತದೆ. ಆಚೆಯದು ತನ್ನ ಯಂತ್ರದ ಜೊತೆ ಮತ್ತೆ ‘ಜಿ’ ಆಡಿ ಒಪ್ಪಿಸುತ್ತದೆ. ನಿಜವಾದ ಉತ್ತರಗಳು ತಂತಿ ಹತ್ತುವುದೇ ಇಲ್ಲ.

ಇದು ಸುಳ್ಳು ರಸೀದಿಯಲ್ಲವೇ? ಹೌದು, ಆ ಕ್ಷಣಕ್ಕೆ ಸುಳ್ಳೇ. ತುಣುಕು ಇನ್ನೂ ಮೊಡೆಮ್‌ನ ಸ್ಮೃತಿಯಲ್ಲಿದೆ, ಆಚೆ ದಡ ಸೇರಿಲ್ಲ. ಆದರೂ ಈ ಸುಳ್ಳಿನಿಂದ ಕಡತ ಕಳೆಯಲಿಲ್ಲ. ಅದಕ್ಕೆ ಕಾರಣ ಮೊಡೆಮ್‌ನ ಜಾಣತನಕ್ಕಿಂತ ಲೆಸ್ಕ್ ಅವರ ಮೂಲ ವಿನ್ಯಾಸ. ಯುಯುಸಿಪಿಯಲ್ಲಿ ತುಣುಕಿನ ಉತ್ತರ ಬೇರೆ, ಇಡೀ ಕಡತದ ಉತ್ತರ ಬೇರೆ. ಕಡತ ಪೂರ್ತಿ ಬಂದು ತನ್ನ ಜಾಗದಲ್ಲಿ ಕೂತ ಮೇಲೆ ಆಚೆಯ ಯಂತ್ರ ಪ್ರತ್ಯೇಕವಾಗಿ ಒಪ್ಪಿಗೆ ಕಳಿಸುತ್ತದೆ. ಅದು ಬರುವವರೆಗೆ ಕಳಿಸಿದವನು ಕೆಲಸವನ್ನು ಸರದಿಯಿಂದ ತೆಗೆಯುವುದಿಲ್ಲ. ಈ ಒಪ್ಪಿಗೆಯನ್ನು ಮೊಡೆಮ್ ನಕಲು ಮಾಡುತ್ತಿರಲಿಲ್ಲ. ಸಾಲ್ಟ್ಜರ್, ರೀಡ್, ಕ್ಲಾರ್ಕ್ 1984ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದ ವಾದವೂ ಇದೇ: ಸರಿಯಾಗಿ ತಲುಪಿತೇ ಎಂಬ ಕೊನೆಯ ಪರೀಕ್ಷೆ ಎರಡು ತುದಿಗಳಲ್ಲೇ ಆಗಬೇಕು, ನಡುವೆ ನಡೆಯುವ ಪರೀಕ್ಷೆಗಳು ವೇಗಕ್ಕಾಗಿ ಮಾತ್ರ. ಟ್ರೇಲ್‌ಬ್ಲೇಜರ್ ಆ ವಾದಕ್ಕೆ ಫೋನ್ ತಂತಿಯ ಮೇಲೆ ಸಿಕ್ಕ ಉದಾಹರಣೆ.

ಇನ್ನೊಂದು ಲಾಭವನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ. ಆ ಕಾಲದ ಅನೇಕ ಯುನಿಕ್ಸ್‌ಗಳಿಗೆ ಆರ್‌ಟಿಎಸ್, ಸಿಟಿಎಸ್ ಎಂಬ ಎರಡು ತಂತಿಗಳ ಮೂಲಕ ‘ನಿಲ್ಲು’, ‘ಕಳಿಸು’ ಹೇಳುವ ಹಾರ್ಡ್‌ವೇರ್ ತಡೆ ಸರಿಯಾಗಿ ಬರುತ್ತಿರಲಿಲ್ಲ. ಕಂಟ್ರೋಲ್-ಎಸ್, ಕಂಟ್ರೋಲ್-ಕ್ಯೂ ಅಕ್ಷರಗಳಿಂದ ತಡೆಯುವ ದಾರಿ ‘ಜಿ’ಗೆ ಮುಚ್ಚಿತ್ತು, ಏಕೆಂದರೆ ಅದರ ತುಣುಕುಗಳಲ್ಲಿ ಆ ಅಕ್ಷರಗಳೇ ದತ್ತಾಂಶವಾಗಿ ಬಂದಾವು. ಈಗ ಮೊಡೆಮ್ ತನ್ನ ಸ್ಮೃತಿ ತುಂಬಿದಾಗ ‘ತಲುಪಿತು’ ಎನ್ನುವುದನ್ನು ಸ್ವಲ್ಪ ತಡೆಹಿಡಿದರೆ ಸಾಕು, ಯಂತ್ರ ತಾನಾಗಿ ನಿಲ್ಲುತ್ತದೆ. ಉತ್ತರ ಬರುವ ಮೊದಲು ಮೂರೇ ತುಣುಕು ಎಂಬ ಆ ಚಿಕ್ಕ ಮಿತಿ, ಅಂದರೆ ‘ಕಿಟಕಿ’ಯೇ ಇಲ್ಲಿ ಹರಿವಿನ ನಿಯಂತ್ರಣವಾಯಿತು.

ಹಾಗಾದರೆ ನನ್ನ ಆಕ್ಷೇಪವೇನು? ದೋಷ ಪ್ರೋಟೋಕಾಲಿನಲ್ಲಿತ್ತು, ಮದ್ದು ಮೊಡೆಮ್‌ಗೆ ಬಿತ್ತು. ಎರಡೂ ತುದಿಯಲ್ಲಿ ಅದೇ ಕಂಪನಿಯ ದುಬಾರಿ ಮೊಡೆಮ್ ಇದ್ದರೆ ಮಾತ್ರ ಫಲ. ಮೊಡೆಮ್‌ಗೆ ಗೊತ್ತಿಲ್ಲದ ಹೊಸ ಪ್ರೋಟೋಕಾಲ್ ಬಂದರೆ ಅದಕ್ಕೆ ಈ ಕೃಪೆ ಇಲ್ಲ. ಹಾಗಾಗಿ ‘ಜಿ’ ತನ್ನ ಕಾಲ ಮುಗಿದ ಮೇಲೂ ಗಟ್ಟಿಯಾಗಿ ಕೂತುಬಿಟ್ಟಿತು. ತಕ್ಕ ಜಾಗದಲ್ಲಿ ಚಿಕಿತ್ಸೆ ಆದದ್ದು 90ರ ದಶಕದ ಆರಂಭದಲ್ಲಿ, ಇಯನ್ ಲ್ಯಾನ್ಸ್ ಟೇಲರ್ ಯುಯುಸಿಪಿಯನ್ನು ಹೊಸದಾಗಿ ಬರೆದು, ದೊಡ್ಡ ತುಣುಕು, ದೊಡ್ಡ ಕಿಟಕಿ ಮತ್ತು ಎರಡೂ ದಿಕ್ಕಿಗೆ ಒಟ್ಟಿಗೆ ಕಡತ ಸಾಗಿಸುವ ‘ಐ’ ಪ್ರೋಟೋಕಾಲ್ ಕೊಟ್ಟಾಗ. ಇಷ್ಟು ಹೇಳಿಯೂ ಟೆಲಿಬಿಟ್‌ನವರನ್ನು ನಾನು ದೂರಲಾರೆ. ಯುನಿಕ್ಸ್ ಕೊಂಡ ಬಹುತೇಕ ಸಂಸ್ಥೆಗಳ ಕೈಯಲ್ಲಿ ಮೂಲ ಪ್ರೋಗ್ರಾಂ ಇರಲಿಲ್ಲ, ಬೈನರಿ ಮಾತ್ರ ಇತ್ತು. ಬದಲಾಯಿಸಲು ಸಾಧ್ಯವಿದ್ದ ಏಕೈಕ ಜಾಗ ಮೊಡೆಮ್ ಆಗಿತ್ತು.

ವೇಗದ ವಿ.32ಬಿಸ್, ಕುಗ್ಗಿಸುವಿಕೆಯ ವಿ.42ಬಿಸ್ ಮಾನಕಗಳು ಬಂದ ಮೇಲೆ ಭಾರ ಸೀರಿಯಲ್ ಪೋರ್ಟಿನ ಮೇಲೆ ಬಿತ್ತು. 14,400 ಬಿಟ್‌ನ ಮೊಡೆಮ್ ದತ್ತಾಂಶವನ್ನು ನಾಲ್ಕು ಪಟ್ಟಿನವರೆಗೂ ಕುಗ್ಗಿಸಬಲ್ಲದು ಎಂದರೆ ಯಂತ್ರದಿಂದ ಮೊಡೆಮ್‌ಗೆ 57,600 ಬಿಟ್ ಹರಿಯಬೇಕು. ‘ಪೋರ್ಟನ್ನು ಮೇಲಿನ ವೇಗಕ್ಕೆ ಲಾಕ್ ಮಾಡು’ ಎಂಬ ಮಾತು ಹುಟ್ಟಿದ್ದು ಹೀಗೆ. ಪಿಸಿಗಳ ಹಳೆಯ 8250 ಚಿಪ್ಪಿನಲ್ಲಿ ಬಂದ ಅಕ್ಷರಕ್ಕೆ ಒಂದೇ ಜಾಗ. 115,200 ಬಿಟ್‌ನಲ್ಲಿ ಅಕ್ಷರವೊಂದು ಸುಮಾರು 87 ಮೈಕ್ರೊಸೆಕೆಂಡಿಗೆ ಬರುತ್ತದೆ. ಅಷ್ಟರೊಳಗೆ ಕರ್ನೆಲ್ ಎತ್ತಿಕೊಳ್ಳದಿದ್ದರೆ ಅದು ಹೋಯಿತು. 16 ಅಕ್ಷರ ಹಿಡಿಯುವ 16550ಎ ಚಿಪ್ಪು ಹಾಕಿಸಿದವರಿಗೆ ಮೊಡೆಮ್ ಬದಲಿಸದೆಯೇ ವೇಗ ಸಿಕ್ಕಿತು. ಈ ತಿಳಿವು ಹರಡಿದ್ದು ಆ ಸಮುದಾಯದ ದೊಡ್ಡ ಸಾಧನೆ.

ಅದೇ ಸಮುದಾಯ ಲಿನಕ್ಸ್‌ನಲ್ಲಿ ಒಪ್ಪಿಕೊಂಡ ಒಂದು ಉಪಾಯ ಮಾತ್ರ ನನಗೆ ಇಂದಿಗೂ ಒಗ್ಗುವುದಿಲ್ಲ. ಪ್ರೋಗ್ರಾಂಗಳು ಪೋರ್ಟಿನ ವೇಗ ಕೇಳಲು ಬಳಸುವ ಟರ್ಮಿಯಸ್ ಮಾನಕದ ವೇಗಪಟ್ಟಿ 38,400ಕ್ಕೆ ನಿಂತಿತ್ತು. ಅದಕ್ಕೆ ‘ಸೆಟ್‌ಸೀರಿಯಲ್’ ಆಜ್ಞೆಯಲ್ಲಿ ‘ಎಸ್‌ಪಿಡಿ_ವಿಹೆಚ್ಐ’ ಎಂದು ಬರೆದು, ಪ್ರೋಗ್ರಾಂ 38,400 ಕೇಳಿದಾಗ ಕರ್ನೆಲ್ 115,200 ಕೊಡುವಂತೆ ಮಾಡಿದರು. ಕೆಲಸವೇನೋ ಆಯಿತು. ಆದರೆ ಪೋರ್ಟಿನ ವೇಗ ಕೇಳಿದರೆ ‘ಎಸ್‌ಟಿಟಿವೈ’ ಆಜ್ಞೆ 38,400 ಎಂದೇ ಹೇಳುತ್ತದೆ. ದೋಷ ಹುಡುಕಲು ಕೂತವನಿಗೆ ಅಳತೆಗೋಲೇ ತಪ್ಪು ಹೇಳಿದರೆ ಅವನು ಎಲ್ಲಿಂದ ಶುರುಮಾಡಬೇಕು?

ಕುಗ್ಗಿಸುವ ವಿಷಯದಲ್ಲೂ ಯೋಚನೆ ಸಾಲದಾಯಿತು. ಯುನಿಕ್ಸ್‌ನ ‘ಕಂಪ್ರೆಸ್’ ಬಳಸುವುದು ಎಲ್‌ಜೆಡ್‌ಡಬ್ಲ್ಯು ವಿಧಾನ; ವಿ.42ಬಿಸ್ ಅದರದೇ ದಾಯಾದಿ. ಸುದ್ದಿಯ ಕಂತೆಗಳು ಮೊದಲೇ ಕುಗ್ಗಿ ಬರುತ್ತಿದ್ದಾಗ ಮೊಡೆಮ್ ಮತ್ತೆ ಕುಗ್ಗಿಸಲು ಏನೂ ಉಳಿದಿರಲಿಲ್ಲ. ಮೊಡೆಮ್‌ಗಳ ಹಳೆಯ ಕುಗ್ಗಿಸುವ ವಿಧಾನ ಎಂಎನ್‌ಪಿ 5 ಆದರೆ ಅಂಥ ಕಡತವನ್ನು ಇನ್ನಷ್ಟು ಉಬ್ಬಿಸುತ್ತಿತ್ತು. ಮೊಡೆಮ್‌ಗಿಂತ ಹೆಚ್ಚು ಸ್ಮೃತಿಯಿರುವ ಯಂತ್ರವೇ ಕುಗ್ಗಿಸಿ ಕೊಟ್ಟರೆ ಕಡತವೂ ಚಿಕ್ಕದಾಗುತ್ತದೆ, ಸೀರಿಯಲ್ ಪೋರ್ಟಿನ ಮೇಲೂ ಒತ್ತಡ ಬೀಳುವುದಿಲ್ಲ. ಹಳೆಯ ಚಿಪ್ಪಿನ ಯಂತ್ರಕ್ಕೆ 57,600ಕ್ಕಿಂತ 19,200 ಹೆಚ್ಚು ಕ್ಷೇಮ. ಪೆಟ್ಟಿಗೆಯ ಮೇಲಿನ ‘ನಾಲ್ಕು ಪಟ್ಟು’ ಎಂಬ ಭರವಸೆಗೆ ಮರುಳಾಗಿ ಹಲವರು ಈ ಸರಳ ದಾರಿ ಬಿಟ್ಟರು.

ವೇಗದ ಬೆನ್ನು ಹತ್ತಿದಾಗ ಮರೆತ ಕಾವಲನ್ನೂ ಹೇಳಬೇಕು. ಕರೆ ಕಡಿದಾಗ ಮೊಡೆಮ್ ಕ್ಯಾರಿಯರ್ ಸಂಕೇತವನ್ನು ಇಳಿಸಬೇಕು, ಯಂತ್ರ ತನ್ನ ಡಿಟಿಆರ್ ಸಂಕೇತವನ್ನು ಇಳಿಸಿದಾಗ ಮೊಡೆಮ್ ಫೋನ್ ಇಡಬೇಕು. ಕ್ಯಾರಿಯರ್ ಸದಾ ಇದೆ ಎಂದು ತೋರಿಸುವ ಕಾರ್ಖಾನೆಯ ಹೊಂದಾಣಿಕೆಯಲ್ಲೇ ಬಿಟ್ಟರೆ, ಲಾಗೌಟ್ ಮಾಡದೆ ಕಡಿದುಹೋದವನ ಶೆಲ್ ಒಳಗೆ ಮುಂದಿನ ಕರೆಯವನು ನೇರವಾಗಿ ಬಂದು ನಿಲ್ಲುತ್ತಾನೆ. ಎಸ್ ರಿಜಿಸ್ಟರ್‌ಗಳ ಅರ್ಥ ಕಂಪನಿಯಿಂದ ಕಂಪನಿಗೆ ಬದಲಾಗುತ್ತಿದ್ದುದರಿಂದ ಜನ ಮೊಡೆಮ್‌ಗೆ ಮೊದಲು ಕಳಿಸುವ ಆಜ್ಞೆಗಳ ‘ಆರಂಭದ ಸಾಲ’ನ್ನು ಒಬ್ಬರಿಂದೊಬ್ಬರು ನಕಲಿಸಿಕೊಂಡರು. ಅದರ ಯಾವ ಅಕ್ಷರ ವೇಗಕ್ಕೆ, ಯಾವುದು ಬಾಗಿಲಿನ ಚಿಲಕಕ್ಕೆ ಎಂದು ತಿಳಿಯುವ ತಾಳ್ಮೆ ಎಲ್ಲರಿಗೂ ಇರಲಿಲ್ಲ.

ನಮ್ಮ ದೇಶದಲ್ಲೂ ಈ ವಿದ್ಯೆ ಬಳಕೆಯಲ್ಲಿತ್ತು. 1986ರಲ್ಲಿ ಶುರುವಾದ ಅರ್ನೆಟ್ ಯೋಜನೆಯ ಮೂಲ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಒಂದು. ಅದರ ಮೊದಲ ಇಮೇಲ್‌ಗಳು ಡಯಲ್-ಅಪ್ ಮೇಲಿನ ಯುಯುಸಿಪಿಯಲ್ಲೇ ಓಡಾಡಿದವು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಇಂಟರ್‌ನೆಟ್ ಸೇವೆ ತೆರೆದ ಮೇಲೆ ಶೆಲ್ ಖಾತೆ ಹೊಂದಿದವರು ಕಡತವನ್ನು ಮೊದಲು ಆಚೆಯ ಯುನಿಕ್ಸ್ ಯಂತ್ರಕ್ಕೆ ತರಿಸಿಕೊಂಡು, ಅಲ್ಲಿಂದ ಜೆಡ್‌ಮೊಡೆಮ್ ಮೂಲಕ ಮನೆಯ ಪಿಸಿಗೆ ಇಳಿಸಿಕೊಳ್ಳಬೇಕಿತ್ತು. 1986ರಲ್ಲಿ ಚಕ್ ಫೋರ್ಸ್‌ಬರ್ಗ್ ಬರೆದ ಜೆಡ್‌ಮೊಡೆಮ್ ಪ್ರತಿ ತುಣುಕಿಗೂ ಉತ್ತರಕ್ಕಾಗಿ ನಿಲ್ಲುವುದಿಲ್ಲ. ತಪ್ಪಾದಾಗ ಮಾತ್ರ ಆಚೆಯದು ಕೂಗುತ್ತದೆ. ಕರೆ ಕಡಿದರೆ ನಿಂತಲ್ಲಿಂದಲೇ ಮುಂದುವರಿಸುತ್ತದೆ. ಪದೇ ಪದೇ ಕಡಿಯುವ ಲೈನಿನಲ್ಲಿ ಈ ಮುಂದುವರಿಕೆಯ ಬೆಲೆ ಯಾವ ರಿಜಿಸ್ಟರ್ ತಿದ್ದಿದರೂ ಸಿಗುವಂಥದ್ದಲ್ಲ. ಅರ್ಧ ಮೆಗಾಬೈಟ್ ಬಂದ ಮೇಲೆ ಕರೆ ಕಡಿದು, ಮತ್ತೆ ಮೊದಲಿಂದ ಶುರುಮಾಡಬೇಕಾದವನ ವೇಗವನ್ನು ಸೆಕೆಂಡಿಗೆ ಇಷ್ಟು ಬಿಟ್ ಎಂದು ಹೇಗೆ ಹೇಳುವುದು?

ಎಸ್‌ಎಲ್‌ಐಪಿ, ಪಿಪಿಪಿ ಎಂಬ ಪ್ರೋಟೋಕಾಲ್‌ಗಳು ಬಂದು ಯುನಿಕ್ಸ್ ಫೋನ್ ತಂತಿಯ ಮೂಲಕ ನೇರವಾಗಿ ಇಂಟರ್‌ನೆಟ್‌ಗೆ ಕೂಡಿಕೊಂಡಾಗ ಈ ಕಲೆಯ ಬಹು ದೊಡ್ಡ ಕೊರತೆ ಬಯಲಾಯಿತು. ಯುಯುಸಿಪಿಯ ದಿನಗಳಲ್ಲಿ ತಂತಿಯ ಎರಡೂ ತುದಿಯಲ್ಲಿ ಕಾಯುತ್ತಿದ್ದದ್ದು ಯಂತ್ರ. ರಾತ್ರಿಯೆಲ್ಲ ಸೇರಿ ಎಷ್ಟು ಹರಿಯಿತು ಎಂಬುದೊಂದೇ ಮುಖ್ಯ. ಈಗ ಒಂದು ತುದಿಯಲ್ಲಿ ಕೀಲಿ ಒತ್ತಿ, ಅಕ್ಷರ ಪರದೆಯ ಮೇಲೆ ಮೂಡುವುದನ್ನು ಕಾಯುವ ಮನುಷ್ಯ ಕೂತಿದ್ದ. ಇದನ್ನು ನೇರವಾಗಿ ಎದುರಿಸಿದವರು ವ್ಯಾನ್ ಜೇಕಬ್ಸನ್. 1990ರಲ್ಲಿ ಅವರು ಬರೆದ ಆರ್‌ಎಫ್‌ಸಿ 1144, ಪ್ರತಿ ಪ್ಯಾಕೆಟ್ಟಿನ 40 ಬೈಟ್ ತಲೆಬರಹವನ್ನು ಬೆರಳೆಣಿಕೆಯ ಬೈಟ್‌ಗಳಿಗೆ ಇಳಿಸಿತು. ಅದಕ್ಕಿಂತ ಮುಖ್ಯವಾಗಿ, ಮನುಷ್ಯನಿಗೆ ತಡವೆನ್ನಿಸುವುದು ಸುಮಾರು ಎಷ್ಟು ಮಿಲಿಸೆಕೆಂಡಿಗೆ ಎಂಬುದರಿಂದ ಅದು ಲೆಕ್ಕ ಶುರುಮಾಡುತ್ತದೆ. 1500 ಬೈಟ್‌ಗಳ ಪ್ಯಾಕೆಟ್ ಒಂದು 14,400 ಬಿಟ್‌ನ ತಂತಿಯನ್ನು ಸೆಕೆಂಡಿನ ಆರರಲ್ಲಿ ಐದು ಭಾಗದಷ್ಟು ಕಾಲ ಹಿಡಿದಿಡುತ್ತದೆ. 296 ಬೈಟ್ ಆದರೆ ಆರರಲ್ಲಿ ಒಂದು ಭಾಗ. ಡಯಲ್-ಅಪ್ ಲೈನಿಗೆ 296 ಎಂಬ ಅಳತೆ ರೂಢಿಯಾದದ್ದಕ್ಕೆ ಕಾರಣ ಇದು: ಕಡತ ತುಸು ನಿಧಾನವಾದರೂ ಬರೆಯುವವನ ಕೈ ನಿಲ್ಲಬಾರದು.

ಬಿಎಸ್‌ಡಿ ಯುನಿಕ್ಸ್‌ನ ಎಸ್‌ಎಲ್‌ಐಪಿ ಚಾಲಕದಲ್ಲಿ ಇದಕ್ಕಾಗಿಯೇ ಎರಡು ಸರದಿಗಳಿದ್ದವು. ಟೆಲ್‌ನೆಟ್‌ನಂಥ ಸಂವಾದದ ಪ್ಯಾಕೆಟ್‌ಗಳು ಕಡತದ ಪ್ಯಾಕೆಟ್‌ಗಳನ್ನು ದಾಟಿ ಮುಂದೆ ಹೋಗಬಹುದಿತ್ತು. ಆದರೆ ‘ಪೋರ್ಟನ್ನು ಎಷ್ಟು ಸಾಧ್ಯವೋ ಅಷ್ಟು ಮೇಲೆ ಲಾಕ್ ಮಾಡು’ ಎಂಬ ಹಳೆಯ ಸಲಹೆಯನ್ನು ಪಾಲಿಸಿದ ಯಂತ್ರದಲ್ಲಿ ಕರ್ನೆಲ್ ತನ್ನ ಸರದಿಯನ್ನೆಲ್ಲ ಕ್ಷಣದಲ್ಲಿ ಮೊಡೆಮ್‌ಗೆ ಸುರಿದುಬಿಡುತ್ತದೆ. ಸಾಲು ಈಗ ಮೊಡೆಮ್‌ನ ಸ್ಮೃತಿಯೊಳಗೆ ನಿಂತಿದೆ. ಅಲ್ಲಿ ಯಾರನ್ನು ಮುಂದೆ ಬಿಡಬೇಕೆಂದು ಹೇಳುವವರಿಲ್ಲ. ರಾತ್ರಿಯ ಸುದ್ದಿ ಕಂತೆಗೆ ಹೇಳಿಮಾಡಿಸಿದಂತಿದ್ದ ಹೊಂದಾಣಿಕೆ, ಹಗಲು ಅದೇ ತಂತಿಯಲ್ಲಿ ಪತ್ರ ಬರೆಯುವವನಿಗೆ ತೊಡಕಾಯಿತು. ಎರಡಕ್ಕೂ ಒಂದೇ ಆರಂಭದ ಸಾಲು ಕೊಟ್ಟ ಕೈಪಿಡಿಗಳು ಈ ವ್ಯತ್ಯಾಸವನ್ನು ಹೇಳಬೇಕಿತ್ತು.