ಕಂದಕ್ಕೆ ಕಿವಿಗೊಡಿ: ಕುರುಕ್ಷೇತ್ರ ನಾಟಕದ ಹೊಸ ರಸಿಕರಿಗೊಂದು ಕೈಪಿಡಿ

ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದ ಮುಂದೆ ಕಟ್ಟುವ ಫ್ಲೆಕ್ಸ್‌ಗಳಲ್ಲಿ ಒಂದು ಹೆಸರು ಮತ್ತೆ ಮತ್ತೆ ಕಾಣುತ್ತದೆ: 'ಶ್ರೀಕೃಷ್ಣ ಸಂಧಾನ ಅಥವಾ ಕುರುಕ್ಷೇತ್ರ'. ಗುಬ್ಬಿ, ಕುಣಿಗಲ್ ಕಡೆಯ ಊರುಗಳಲ್ಲೂ ಅಷ್ಟೆ. ಸುಗ್ಗಿ ಮುಗಿದು ಜಾತ್ರೆಗಳು ಶುರುವಾದರೆ ಸಾಕು, ದೇವಸ್ಥಾನದ ಬಯಲಿನಲ್ಲೋ ಶಾಲೆಯ ಮೈದಾನದಲ್ಲೋ ಸೀನರಿ ಏಳುತ್ತದೆ, ರಾತ್ರಿ ಊಟ ಮುಗಿಸಿ ಕೂತವರು ಬೆಳಗಿನ ಜಾವ ದುರ್ಯೋಧನನ ತೊಡೆ ಮುರಿಯುವ ತನಕ ಕದಲುವುದಿಲ್ಲ. ಇವರಲ್ಲಿ ಕಥೆ ಗೊತ್ತಿಲ್ಲದವರು ಒಬ್ಬರೂ ಇಲ್ಲ. ಮುಂದಿನ ಮಾತು ಏನೆಂಬುದು ಎಷ್ಟೋ ಜನಕ್ಕೆ ಬಾಯಿಪಾಠ. ಹಾಗಿದ್ದೂ ಯಾಕೆ ಬರುತ್ತಾರೆ ಎಂದರೆ, ಪದ್ಯಕ್ಕಾಗಿ. ಇವತ್ತು ಈ ಕರ್ಣ ಆ ಕಂದವನ್ನು ಹೇಗೆ ಎತ್ತುತ್ತಾನೆ, ಎಲ್ಲಿ ನಿಲ್ಲಿಸುತ್ತಾನೆ ಎಂದು ಕೇಳುವುದಕ್ಕಾಗಿ. ಹೊಸದಾಗಿ ಬರುವವರು ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಇಡೀ ರಾತ್ರಿ ಬೇರೆಯೇ ಆಗಿ ಕೇಳಿಸುತ್ತದೆ.

ಮೊದಲು ಕರಪತ್ರ ನೋಡುವುದನ್ನು ಕಲಿಯಿರಿ. ಮೇಲಿರುವ ಗಣ್ಯರ ಫೋಟೊಗಳನ್ನು ಬಿಟ್ಟು ಕೆಳಗಿನಿಂದ ಓದಿ. ಅಲ್ಲಿ ಸೀನರಿಯ ಹೆಸರು, ಕೀಬೋರ್ಡ್ ಯಾರು, ತಬಲ ಯಾರು, ಎಲ್ಲಕ್ಕಿಂತ ಮುಖ್ಯವಾಗಿ ಹಾರ್ಮೋನಿಯಂ ಮತ್ತು ನಿರ್ದೇಶನ ಯಾರದು ಎಂದಿರುತ್ತದೆ. ಪಾತ್ರಧಾರಿಗಳು ವೃತ್ತಿಯವರಲ್ಲ, ರೈತರು, ಮೇಸ್ತ್ರಿಗಳು, ಬಸ್ ಕಂಡಕ್ಟರು, ಕಚೇರಿ ನೌಕರರು. ಪಾತ್ರಕ್ಕೆ ತಕ್ಕಂತೆ ತಾವೇ ದುಡ್ಡು ಹಾಕಿ ಆಡುತ್ತಾರೆ. ದುರ್ಯೋಧನ, ಕೃಷ್ಣ, ಭೀಮ, ಕರ್ಣ ಎಂದರೆ ಹೆಚ್ಚು ದುಡ್ಡು. ದ್ರೌಪದಿ, ಕುಂತಿ, ಉತ್ತರೆಯರಿಗೆ ಸಾಮಾನ್ಯವಾಗಿ ವೃತ್ತಿ ಕಲಾವಿದೆಯರು ಬರುತ್ತಾರೆ. ಇವರೆಲ್ಲರನ್ನೂ ಒಂದು ಶ್ರುತಿಗೆ ತರುವವರು ಡ್ರಾಮಾ ಮೇಷ್ಟ್ರು. ಹಳೆಯ ರಸಿಕರು ಬರುವುದೇ ಮೇಷ್ಟ್ರ ಹೆಸರು ನೋಡಿಕೊಂಡು.

ಈ ಪದ್ಧತಿಯ ಬೇರು ಇದೇ ಜಿಲ್ಲೆಯಲ್ಲಿದೆ. ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ಬಾಲಕನಾಗಿ ಅದನ್ನು ಸೇರಿದ ವೀರಣ್ಣನವರು ಆಮೇಲೆ ಅದರ ಒಡೆಯರಾದರು, ಅದನ್ನು ನಾಡಿನ ದೊಡ್ಡ ಕಂಪನಿಯಾಗಿ ಬೆಳೆಸಿದರು. 1934ರಲ್ಲಿ ಅವರು ಆಡಿಸಿದ 'ಕುರುಕ್ಷೇತ್ರ'ದಲ್ಲಿ ರಂಗದ ಮೇಲೆ ನಿಜವಾದ ಆನೆ ಕುದುರೆ ಬಂದವು ಎಂಬುದನ್ನು ಎಲ್ಲರೂ ಹೇಳುತ್ತಾರೆ. ನನಗೆ ಆನೆಗಿಂತ ದೊಡ್ಡದಾಗಿ ಕಾಣುವುದು ಆ ಕಂಪನಿಗಳ ಕಂಠ. ಮೈಕು ಇಲ್ಲದ ಕಾಲದಲ್ಲಿ ಕೊನೆಯ ಸಾಲಿನ ನೆಲದ ಟಿಕೆಟ್ಟಿನವನಿಗೂ ಪದ್ಯದ ಒಂದೊಂದು ಅಕ್ಷರ ಮುಟ್ಟಬೇಕಿತ್ತು. ಅದಕ್ಕೇ ಗಂಡಸರೂ ಎತ್ತರದ ಶ್ರುತಿಯಲ್ಲಿ, ಎದೆ ತುಂಬಿ ಹಾಡಿದರು. ಬಿ. ಪುಟ್ಟಸ್ವಾಮಯ್ಯ, ಬೆಳ್ಳಾವೆ ನರಹರಿ ಶಾಸ್ತ್ರಿ ಅಂಥ ಕವಿಗಳು ಇಂಥ ಕಂಠಗಳಿಗಾಗಿಯೇ ಬರೆದರು. ಬೆಳ್ಳಾವಿ ತುಮಕೂರಿನ ಪಕ್ಕದ ಊರು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ಕ್ಕೆ 1934ರಲ್ಲಿ ಹಾಡು, ಮಾತು ಬರೆದವರು ಇದೇ ಶಾಸ್ತ್ರಿಗಳು. ಕಂಪನಿಗಳು ಒಂದೊಂದೇ ನಿಂತ ಮೇಲೆ ಅಲ್ಲಿ ಪಳಗಿದವರು ಹಳ್ಳಿಗಳಿಗೆ ಬಂದು ಮೇಷ್ಟ್ರಾದರು. ಅವರ ಕೈಬರಹದ ಪುಸ್ತಕಗಳಲ್ಲಿ ಒಬ್ಬ ಕವಿಯ ಮಾತಿಗೆ ಇನ್ನೊಬ್ಬ ಕವಿಯ ಪದ್ಯ ಸೇರಿತು. ಇವತ್ತು ನೀವು ಕೇಳುವ ಕುರುಕ್ಷೇತ್ರ ಹಾಗೆ ಕೂಡಿ ಬಂದದ್ದು.

ಈಗ ಕೂರುವ ಜಾಗ. ಸ್ಪೀಕರ್ ಕಂಬದ ಪಕ್ಕ ಬೇಡ. ಹಾರ್ಮೋನಿಯಂ ಕಾಣುವ ಹಾಗೆ, ಮುಂದಿನಿಂದ ನಾಲ್ಕೈದು ಸಾಲು ಹಿಂದೆ ಕೂತುಕೊಳ್ಳಿ. ಮೇಷ್ಟ್ರು ರಂಗದ ಮುಂದೆ, ಪಾತ್ರಧಾರಿಯ ಕಣ್ಣಿಗೆ ಬೀಳುವ ಹಾಗೆ ಕೂತಿರುತ್ತಾರೆ. ಹಳೆಯ ಮೇಷ್ಟ್ರಾದರೆ ಕಾಲು ಹಾರ್ಮೋನಿಯಂ: ತಿದಿಯನ್ನು ಕಾಲಿನಲ್ಲಿ ಒತ್ತುವುದರಿಂದ ಎರಡು ಕೈಯೂ ನುಡಿಸಲು ಬಿಡುವು. ಅವರ ಕೆಲಸ ನುಡಿಸುವುದರಲ್ಲೇ ಮುಗಿಯುವುದಿಲ್ಲ. ಮಾತು ಮರೆತವನಿಗೆ ತುಟಿಯಲ್ಲೇ ಮಾತು ಕೊಡುತ್ತಾರೆ, ಶ್ರುತಿಯಿಂದ ಜಾರುವವನಿಗೆ ಷಡ್ಜವನ್ನು ಒತ್ತಿ ನೆನಪಿಸುತ್ತಾರೆ, ದಣಿದವನ ಉಸಿರು ಕೂಡಿಕೊಳ್ಳಲೆಂದು ಒಂದು ಸಾಲನ್ನು ತಾವೇ ನುಡಿಸಿ ಎಳೆಯುತ್ತಾರೆ. ರಂಗದ ಮೇಲಿನ ಕಣ್ಣನ್ನು ಆಗಾಗ ಅವರ ಬೆರಳಿನ ಮೇಲಿಟ್ಟರೆ ನಾಟಕ ಎಲ್ಲಿಂದ ನಡೆಯುತ್ತಿದೆ ಎಂದು ತಿಳಿಯುತ್ತದೆ.

ಕಂದಕ್ಕೆ ಬರೋಣ. ಕಂದಪದ್ಯಕ್ಕೆ ನಾಲ್ಕು ಸಾಲು. ಒಂದು ಮತ್ತು ಮೂರನೆಯದರಲ್ಲಿ 12 ಮಾತ್ರೆ, ಎರಡು ಮತ್ತು ನಾಲ್ಕನೆಯದರಲ್ಲಿ 20. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ. ಪಂಪ, ರನ್ನರೂ ಬಳಸಿದ ಅಳತೆ ಇದು. ನಾಟಕದಲ್ಲಿ ಇದನ್ನು ತಾಳವಿಲ್ಲದೆ, ಬರೀ ರಾಗದಲ್ಲಿ ಹಾಡುತ್ತಾರೆ. ಸಣ್ಣ ಸಾಲನ್ನು ಬಹುಮಟ್ಟಿಗೆ ನೇರವಾಗಿ ಹೇಳಿ, ದೊಡ್ಡ ಸಾಲಿನಲ್ಲಿ ರಾಗಕ್ಕೆ ಜಾಗ ಬಿಡುವುದು ಬಲ್ಲವರ ಕ್ರಮ.

ಕರ್ಣ ಕುಂತಿಯರ ದೃಶ್ಯವನ್ನೇ ತೆಗೆದುಕೊಳ್ಳಿ. ಕುಂತಿ ಹುಟ್ಟಿನ ಗುಟ್ಟು ಹೇಳಿ ನಿಂತಿದ್ದಾಳೆ. ಕರ್ಣ ಮಾತಾಡುತ್ತಿದ್ದಾನೆ, ಸ್ವರ ಏರುತ್ತಿದೆ. ಮಾತಿನ ಕೊನೆಯ ಅಕ್ಷರ ಬೀಳುವ ಹೊತ್ತಿಗೆ ಮೇಷ್ಟ್ರ ಬೆರಳು ಷಡ್ಜದ ಮೇಲಿರುತ್ತದೆ. ಒಳ್ಳೆಯ ಪಾತ್ರಧಾರಿಯ ಆ ಕೊನೆಯ ಅಕ್ಷರ ಆಗಲೇ ಶ್ರುತಿಯಲ್ಲಿರುತ್ತದೆ. ಮಾತು ಎಲ್ಲಿ ಮುಗಿಯಿತು, ಪದ್ಯ ಎಲ್ಲಿ ಹುಟ್ಟಿತು ಎಂದು ಗೆರೆ ಎಳೆಯಲು ಬರುವುದಿಲ್ಲ. ಕಚ್ಚಾ ಪಾತ್ರಧಾರಿ ಮಾತು ನಿಲ್ಲಿಸಿ, ಗಂಟಲು ಸರಿಮಾಡಿಕೊಂಡು, ಮೈಕಿನ ಹತ್ತಿರ ಬಂದು, ಕರ್ಣನ ಮುಖ ಕಳಚಿಟ್ಟು ಹಾಡುಗಾರನಾಗುತ್ತಾನೆ. ಮೊದಲ ಸಾಲು ಸಾದಾ. ಎರಡನೆಯ ಸಾಲಿನ ನಡುವೆ ಪಾತ್ರಧಾರಿ ಒಂದು ಪದವನ್ನು ಹಿಡಿದು ಆಲಾಪಕ್ಕೆ ಹೋಗುತ್ತಾನೆ. ಇಲ್ಲಿ ಗಮನಿಸಿ: ಯಾವ ಪದ? 'ತಾಯಿ' ಎಂಬಂಥ ಪದವನ್ನು ಹಿಡಿದರೆ ಆ ಆಲಾಪಕ್ಕೆ ಅರ್ಥವಿದೆ. ಉಸಿರು ಮುಗಿಯಿತೆಂದು ಯಾವುದೋ ವಿಭಕ್ತಿ ಪ್ರತ್ಯಯದ ಮೇಲೆ ಎಳೆದರೆ ಅದು ಗಂಟಲಿನ ಪ್ರದರ್ಶನ. ಮೂರನೆಯ ಸಾಲಿನಲ್ಲಿ ಮತ್ತೆ ನೆಲಕ್ಕೆ. ನಾಲ್ಕನೆಯದರಲ್ಲಿ ತಾರಸ್ಥಾಯಿ ಮುಟ್ಟಿ ಇಳಿದು, ಹಾರ್ಮೋನಿಯಂ ಆರುವ ಮುಂಚೆಯೇ ಮಾತಿಗೆ ಮರಳಬೇಕು. ಕುಂತಿ ಅಲ್ಲೇ ನಿಂತಿದ್ದಾಳೆ, ಅವಳಿಗೆ ಉತ್ತರ ಸಲ್ಲಬೇಕು. ಈ ಮರಳುವಿಕೆಯನ್ನು ಕೇಳಿ. ನನ್ನ ಮಟ್ಟಿಗೆ ಪಾತ್ರಧಾರಿಯ ಯೋಗ್ಯತೆ ಅಳೆಯಲು ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಹೋಗುವವರು ಬಹಳ ಮಂದಿ, ಹೊತ್ತಿಗೆ ಸರಿಯಾಗಿ ಹಿಂದಿರುಗುವವರು ಕಡಿಮೆ.

ತಾಳಕ್ಕೆ ಕಟ್ಟಿದ ಹಾಡುಗಳು ಬೇರೆ ಬಗೆ. ಪ್ರವೇಶದ ಹಾಡು, ಕೃಷ್ಣ ರುಕ್ಮಿಣಿಯರ ಸರಸದ ಹಾಡು, ಉತ್ತರೆ ಅಭಿಮನ್ಯುವನ್ನು ಬೀಳ್ಕೊಡುವ ಹಾಡು. ಇವಕ್ಕೆ ಮರಾಠಿ ಮತ್ತು ಪಾರ್ಸಿ ನಾಟಕಗಳ ಮಟ್ಟುಗಳು ಹಿಂದೆಯೇ ಬಂದಿದ್ದವು, ಆಮೇಲೆ ಸಿನಿಮಾ ಮಟ್ಟುಗಳೂ ಸೇರಿದವು. ಕಾಪಿ, ಮಾಂಡ್, ಬೇಹಾಗ್, ಭೀಮ್‌ಪಲಾಸ್ ಇಲ್ಲಿ ಮನೆಮಂದಿಯಂತೆ ಓಡಾಡುತ್ತವೆ. ರಾಗದ ಹೆಸರು ಗೊತ್ತಿಲ್ಲವೆಂದು ಹಿಂಜರಿಯಬೇಡಿ. ಒಂದೇ ಕಂದವನ್ನು ಇಬ್ಬರು ಪಾತ್ರಧಾರಿಗಳು ಎರಡು ರಾಗದಲ್ಲಿ ಹಾಡಿದ್ದನ್ನು ಕೇಳಿದರೆ ಸಾಕು. ಕಲ್ಯಾಣಿಯಲ್ಲಿ ಎತ್ತಿದ ದುರ್ಯೋಧನ ಚಕ್ರವರ್ತಿಯಾಗಿ ಕಾಣುತ್ತಾನೆ. ಅದನ್ನೇ ಸಿಂಧುಭೈರವಿಯಲ್ಲಿ ಎತ್ತಿದರೆ ತಮ್ಮಂದಿರನ್ನು ಕಳೆದುಕೊಂಡ ಅಣ್ಣ. ರಸಿಕರ ನಡುವೆ ಜಗಳ ಹತ್ತುವುದು ಇಂಥ ಕಡೆ.

ಜಗಳ ಎಂದೆ, ಅದನ್ನೂ ಕೇಳಿಸಿಕೊಳ್ಳಬೇಕು. ದೃಶ್ಯ ಬದಲಾಗುವಾಗ ಟೀ ಅಂಗಡಿಯ ಹತ್ತಿರ ನಿಂತುಕೊಳ್ಳಿ.

'ಏನಣ್ಣ, ಧರ್ಮರಾಯಂದು ಕೇಳಿದ್ಯಾ?'

'ಕೇಳ್ದೆ ಕಣಪ್ಪ. ಕಂಠ ಐತೆ, ಸಾಹಿತ್ಯ ನುಂಗ್ತಾನೆ. ಪ್ರಾಸದ ಅಕ್ಷರನೇ ಕೇಳಿಸ್ಲಿಲ್ಲ.'

'ಶ್ರುತಿ ಅವನಿಗೆ ಒಂದು ಮನೆ ಮೇಲಾಯ್ತು. ಮೇಷ್ಟ್ರು ಇಳಿಸ್ಬೇಕಿತ್ತು.'

ಇಷ್ಟರಲ್ಲಿ ಒಂದು ಪಾಠವೇ ಇದೆ. ಎರಡನೆಯ ಅಕ್ಷರದ ಪ್ರಾಸ ಸ್ಪಷ್ಟವಾಗಿ ಬಿದ್ದರೆ ಪದ್ಯದ ನಡೆ ತಾನೇ ಕಿವಿಗೆ ಸಿಗುತ್ತದೆ, ಅದು ನುಂಗಿಹೋದರೆ ಎಂಥ ಕಂಠವಿದ್ದರೂ ಪದ್ಯ ಗದ್ಯವಾಗುತ್ತದೆ. ಇಂಥ ಮಾತಾಡುವವರಲ್ಲಿ ಸಂಗೀತ ಪಾಠಕ್ಕೆ ಹೋದವರು ಅಪರೂಪ. ಎಷ್ಟೋ ರಾತ್ರಿಗಳ ಕೇಳ್ಮೆಯಿಂದಲೇ ಪಳಗಿದ ಕಿವಿಗಳು ಅವು. ಮೊದಲ ದಿನ ಸುಮ್ಮನೆ ಕೇಳಿ, ಎರಡನೆಯ ಸಲ ಒಂದು ಪ್ರಶ್ನೆ ಕೇಳಿ. 'ನೀವು ಕೇಳಿದ ಒಳ್ಳೆ ಭೀಮ ಯಾರು?' ಎಂದರೆ ಸಾಕು, ಬೆಳಗಿನ ತನಕ ಮಾತು ನಿಲ್ಲುವುದಿಲ್ಲ.

ಈಗಿನ ದೊಡ್ಡ ಚರ್ಚೆ ಕೀಬೋರ್ಡ್ ಮತ್ತು ರಿದಂ ಪ್ಯಾಡಿನದು. ಗದೆಗೆ ಗದೆ ತಾಗಿದರೆ ಪ್ಯಾಡಿನಿಂದ ಸಿಡಿಲು, ಶಂಖ ಊದಿದರೆ ಕೀಬೋರ್ಡಿನಿಂದ ಶಂಖ. ಯಂತ್ರ ಬಂದು ನಾಟಕ ಕೆಟ್ಟಿತು ಎನ್ನುವ ಹಿರಿಯರಿದ್ದಾರೆ. ಆದರೆ ಹಾರ್ಮೋನಿಯಂ ಕೂಡ ಯುರೋಪಿನಿಂದ ಬಂದ ಯಂತ್ರವೇ. ಪ್ಯಾರಿಸ್ಸಿನಲ್ಲಿ 1840ರಲ್ಲಿ ಪೇಟೆಂಟ್ ಆದದ್ದು. ಗಮಕ ನುಡಿಯದ ಪರದೇಶಿ ಪೆಟ್ಟಿಗೆ ಎಂದು ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿತು, 1971ರ ತನಕ ಒಳಗೆ ಬಿಡಲಿಲ್ಲ. ಆ ವರ್ಷಗಳಲ್ಲೂ ನಾಟಕದವರು ಅದನ್ನು ಕೈಬಿಡಲಿಲ್ಲ. ಹಾಗಾಗಿ ಯಂತ್ರ ಎಂಬ ಕಾರಣಕ್ಕೆ ಪ್ಯಾಡನ್ನು ಬೈಯುವುದು ನನಗೆ ಒಪ್ಪಿಗೆಯಿಲ್ಲ.

ಯಂತ್ರದ ಸದ್ದಿನಿಂದಲೇ ಸಂಗೀತ ಕಟ್ಟಿದವರೂ ಲೋಕದಲ್ಲಿದ್ದಾರೆ. ಇಂಗ್ಲೆಂಡಿನ ಥ್ರಾಬಿಂಗ್ ಗ್ರಿಸಲ್ ತಂಡ 1976ರಲ್ಲಿ ಇಂಡಸ್ಟ್ರಿಯಲ್ ರೆಕಾರ್ಡ್ಸ್ ಶುರುಮಾಡಿತು, ಆ ಬಗೆಯ ಸಂಗೀತಕ್ಕೆ ಇಂಡಸ್ಟ್ರಿಯಲ್ ಎಂಬ ಹೆಸರೇ ನಿಂತಿತು. ಬೆಲ್ಜಿಯಂನ ಫ್ರಂಟ್ 242 ತಂಡ 80ರ ದಶಕದಲ್ಲಿ ಎಲೆಕ್ಟ್ರಾನಿಕ್ ಬಾಡಿ ಮ್ಯೂಸಿಕ್ ಎಂಬ ಹೆಸರನ್ನು ಬಳಕೆಗೆ ತಂದಿತು: ಬದಲಾಗದ ಒಂದೇ ಏಟು, ಅದರ ಮೇಲೆ ಆಜ್ಞೆಯಂಥ ಕೂಗು, ಕೇಳುವವರ ಮೈ ಆ ಏಟಿಗೆ ಸಿಕ್ಕಿಬೀಳುತ್ತದೆ. ಇಂಥದನ್ನು ಹೆಡ್‌ಫೋನಿನಲ್ಲಿ ಕೇಳಿ ಬೆಳೆದ ಇಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರು ತುಮಕೂರಿನಲ್ಲೂ ಇದ್ದರೆ, ಅವರು ಕುರುಕ್ಷೇತ್ರದ ಗದಾಯುದ್ಧದಿಂದ ಶುರುಮಾಡಲಿ. ಅಲ್ಲಿ ಪ್ಯಾಡು ಮಾಡುವ ಕೆಲಸ ಅವರಿಗೆ ತಟ್ಟನೆ ಹಿಡಿಸುತ್ತದೆ. ಭೀಮ ದುರ್ಯೋಧನರ ಹೆಜ್ಜೆ, ಗದೆಯ ಏಟು, ಜನರ ಶಿಳ್ಳೆ ಎಲ್ಲ ಒಂದೇ ಲಯಕ್ಕೆ ಬೀಳುತ್ತವೆ. ಆಮೇಲೆ ಅದೇ ಕಿವಿಯಲ್ಲಿ, ತೊಡೆ ಮುರಿದು ಬಿದ್ದ ದುರ್ಯೋಧನನ ಕಂದ ಕೇಳಲಿ. ಇಲ್ಲಿ ಏಟು ಇಲ್ಲ. ಉಸಿರು ಇದ್ದಷ್ಟು ದೂರ ಸಾಲು, ನೋವು ಇದ್ದಷ್ಟು ಹೊತ್ತು ಸ್ವರ. ಇಂಥ ಕಂದದ ಕೆಳಗೆ ಪ್ಯಾಡಿನವನು ಸಣ್ಣಗೆ ತಾಳ ಹಾಕಲು ಹೋದರೆ ಪಾತ್ರಧಾರಿ ಆ ತಾಳಕ್ಕೆ ಸಿಕ್ಕಿ ಪದ ಕತ್ತರಿಸುತ್ತಾನೆ. ನನ್ನ ತಕರಾರು ಇಷ್ಟೇ. ಯುದ್ಧಕ್ಕೆ ಪ್ಯಾಡು ಬರಲಿ, ಕಂದಕ್ಕೆ ಕೈ ಕಟ್ಟಿ ಕೂರಲಿ. ಇದನ್ನು ಬಲ್ಲ ಮೇಷ್ಟ್ರು ಕಂದ ಶುರುವಾಗುವ ಮುಂಚೆ ಎಡಗೈ ಎತ್ತಿ ಅವನಿಗೆ ಸನ್ನೆ ಮಾಡುವುದನ್ನು ನೀವೇ ನೋಡಬಹುದು.

'ಒನ್ಸ್ ಮೋರ್' ಎಂದು ಕೂಗುವುದು ಇಲ್ಲಿ ಕೇಳುಗನ ಹಕ್ಕು, ಕಂಪನಿ ಕಾಲದಿಂದ ಬಂದದ್ದು. ಆದರೆ ಅದಕ್ಕೂ ಹೊತ್ತುಗೊತ್ತು ಬೇಕು. ಅಭಿಮನ್ಯು ಸತ್ತು ಬಿದ್ದಿರುವಾಗ ಅರ್ಜುನನ ಶೋಕಕ್ಕೆ ಒನ್ಸ್ ಮೋರ್ ಕೂಗಿದರೆ ಹಿರಿಯರು ತಿರುಗಿ ನೋಡುತ್ತಾರೆ. ನೋಟಿನ ಹಾರ ಹಾಕಲು ಪದ್ಯದ ನಡುವೆ ರಂಗ ಹತ್ತುವ ಬಂಧುಗಳಿಗೂ ಯಾರಾದರೂ ಇದನ್ನು ಹೇಳಿಕೊಡಬೇಕು. ಹಾಡುವವನ ಮುಖಕ್ಕೆ ಹಾರ ಬಿದ್ದರೆ ಉಸಿರು ಕಡಿಯುತ್ತದೆ.

ಮೊಬೈಲಿನಲ್ಲಿ ಹರಿದಾಡುವ ತುಣುಕುಗಳನ್ನು ಕೇಳಿ, ಬೇಡ ಎನ್ನುವುದಿಲ್ಲ. ಒಂದು ಕಾಲದಲ್ಲಿ ರಂಗದ ಅಂಚಿನಲ್ಲಿ ಟೇಪ್ ರೆಕಾರ್ಡರ್ ಇಟ್ಟು, ಕ್ಯಾಸೆಟ್ಟನ್ನು ಊರಿಂದೂರಿಗೆ ಕಳಿಸಿ ಕೇಳುತ್ತಿದ್ದವರೇ ಇವತ್ತಿನ ರಸಿಕರ ಅಪ್ಪಂದಿರು. ತೊಂದರೆ ಏನೆಂದರೆ ಮೊಬೈಲಿನ ತುಣುಕು ಪದ್ಯದಿಂದ ಶುರುವಾಗಿ ಪದ್ಯಕ್ಕೆ ಮುಗಿಯುತ್ತದೆ. ಮಾತಿನಿಂದ ಪದ್ಯಕ್ಕೆ ಹೋದದ್ದು, ಪದ್ಯದಿಂದ ಮಾತಿಗೆ ಬಂದದ್ದು ಎರಡೂ ಕತ್ತರಿಗೆ ಹೋಗಿರುತ್ತವೆ. ಸ್ನೇಹಿತರಿಗೆ ಕಳಿಸುವವರು ಹಿಂದಿನ ಎರಡು ನಿಮಿಷದ ಮಾತನ್ನೂ ಸೇರಿಸಿ ಕಳಿಸಿ.

ಇನ್ನೂ ಆಳಕ್ಕೆ ಇಳಿಯಬೇಕೆನಿಸಿದರೆ ತಾಲೀಮಿಗೆ ಹೋಗಿ. ನಾಟಕಕ್ಕೆ ತಿಂಗಳುಗಳ ಮುಂಚೆಯೇ ಊರಿನ ಸಮುದಾಯ ಭವನದಲ್ಲೋ ಯಾರದೋ ಮನೆಯ ಪಡಸಾಲೆಯಲ್ಲೋ ರಾತ್ರಿ ಹೊತ್ತು ಶುರುವಾಗುತ್ತದೆ. ಬಾಗಿಲು ಹಾಕುವುದಿಲ್ಲ, ಯಾರು ಬಂದು ಕೂತರೂ ಬೇಡ ಎನ್ನುವುದಿಲ್ಲ. ಹೊಲದಿಂದ ಬಂದವನು ಕೈಕಾಲು ತೊಳೆದು ಕೂತು 12 ಮಾತ್ರೆಯ ಒಂದು ಸಾಲನ್ನು ಹೇಳುತ್ತಾನೆ. ಮೇಷ್ಟ್ರು ತಡೆಯುತ್ತಾರೆ. 'ಪದ ಮುರೀಬೇಡ, ಮೊದಲು ಮಾತಾಡಿದ ಹಾಗೆ ಹೇಳು, ರಾಗ ಆಮೇಲೆ ಹಾಕೋಣ.' ಅವನು ಮಾತಾಡಿದ ಹಾಗೆ ಹೇಳುತ್ತಾನೆ. ಮತ್ತೊಮ್ಮೆ. ಮೇಷ್ಟ್ರು ಷಡ್ಜ ಒತ್ತುತ್ತಾರೆ. ಅಲ್ಲಿ ಒಂದೆರಡು ರಾತ್ರಿ ಕೂತು, ಅದೇ ತಂಡದ ನಾಟಕಕ್ಕೆ ಕಲಾಕ್ಷೇತ್ರಕ್ಕೆ ಹೋಗಿ. ಮುಂದಿನ ಸಾಲಿನ ಹಿರಿಯರು ಯಾವ ಅಕ್ಷರಕ್ಕೆ ತಲೆದೂಗಿದರು ಎಂದು ಕೇಳಬೇಕಾಗುವುದಿಲ್ಲ.